ಬೀಜದಿಂದ ನೂಲಿನವರೆಗೆ



ಹತ್ತಿಯ ವಿಷಯದಲ್ಲಿ ಒಂದು ದೇಶ ಇನ್ನೊಂದಕ್ಕೆ ನೆರವಾಗುವ ಮಾತು ಬಂದಾಗ ಬುರ್ಕಿನಾ ಫಾಸೊವನ್ನು ಮರೆಯುವಂತಿಲ್ಲ. ಪಶ್ಚಿಮ ಆಫ್ರಿಕದ ಈ ನಾಡಿನ ರೈತರು ಮಳೆಯನ್ನೇ ನಂಬಿ ಹತ್ತಿ ಬಿತ್ತುತ್ತಾರೆ, ಕೈಯಿಂದಲೇ ಬಿಡಿಸುತ್ತಾರೆ. ಉದ್ದೆಳೆಯ ಅವರ ಅರಳೆಗೆ ಹೊರಗಿನ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಕಾಯಿಕೊರಕದ ಕಾಟ ತಡೆಯಲಾಗದೆ 2008ರಲ್ಲಿ ಮಾನ್ಸಾಂಟೊ ಕಂಪನಿಯ ಬಿಟಿ ಗುಣವನ್ನು ಅಲ್ಲಿನ ತಳಿಗಳಿಗೆ ಸೇರಿಸಿ ಹೊಲಕ್ಕಿಳಿಸಲಾಯಿತು. ಔಷಧ ಸಿಂಪಡಣೆ ಇಳಿಯಿತು, ಇಳುವರಿ ಏರಿತು.

ಹೊಲದಲ್ಲಿ ಗೆದ್ದ ಹತ್ತಿ ಗಿರಣಿಯಲ್ಲಿ ಸೋತಿತು. ಎಳೆ ಗಿಡ್ಡವಾಯಿತು; ಜಿನ್ನಿಂಗ್ ಮಾಡಿದಾಗ ಅರಳೆಯೂ ಕಡಿಮೆ ಬಿತ್ತು. ಬೆಲೆ ಕುಸಿದು ನಷ್ಟ ಕಂಡ ಅಲ್ಲಿನ ಹತ್ತಿ ಕಂಪನಿಗಳು 2016ರ ಹೊತ್ತಿಗೆ ಹಳೆಯ ತಳಿಗಳಿಗೆ ಮರಳಿದವು. ಬಿಟಿ ಬೇಕೋ ಬೇಡವೋ ಎಂಬ ಜಗಳಕ್ಕೆ ಈ ಪ್ರಸಂಗವನ್ನು ಎಳೆದರೆ ಅದರ ತಿರುಳು ಕೈತಪ್ಪುತ್ತದೆ. ಹುಳುವಿನ ಮೇಲೆ ನೆಟ್ಟಷ್ಟು ಕಣ್ಣು ಎಳೆಯ ಮೇಲೆ ನೆಡಲಿಲ್ಲ. ಆ ಲೋಪದ ಬೆಲೆ ತೆತ್ತದ್ದು ಒಂದು ಬಡ ದೇಶ.

ಇಂಥ ನೆರವಿನ ಕಷ್ಟಸುಖ ಧಾರವಾಡ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ತೋಟಗಾರರನ್ನು ಭಾರತಕ್ಕೆ ಕರೆಸಿತು. ಬ್ರಿಟನ್ನಿನ ಗಿರಣಿಗಳ ಹಸಿವು ತಣಿಸುವುದು ಅದರ ಉದ್ದೇಶವಾಗಿತ್ತು, ಇಲ್ಲಿನ ರೈತನ ಹಿತವಲ್ಲ. ಬಹುತೇಕ ಕಡೆ ಆ ಪ್ರಯೋಗ ಸೋತರೂ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಭೂಮಿಗೆ ಒಗ್ಗಿತು. ಆ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತಿತ್ತು. ಅದಕ್ಕೆ ಗರಗಸದ ಜಿನ್ನು ಬೇಕಾಯಿತು. ಬೀಜದ ಜೊತೆ ಯಂತ್ರವೂ ಬಂದದ್ದರಿಂದ ಬೆಳೆ ನಿಂತಿತು. ಮುಂದೆ ಕಲಬೆರಕೆಯ ಪಿಡುಗು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಕಾಯ್ದೆ ತಂದಿತು.

ಆ ಬೀಜದ ವಂಶ ಅಲ್ಲಿಗೇ ಮುಗಿಯಲಿಲ್ಲ. ಧಾರವಾಡ-ಅಮೆರಿಕನ್ ಹತ್ತಿಯಿಂದ ಗದಗ-1 ತಳಿಯನ್ನು ಆರಿಸಿ ತೆಗೆದರು. ಅದನ್ನು ಕಾಂಬೋಡಿಯಾ ಮೂಲದ ತಳಿಯೊಂದಿಗೆ ಕೂಡಿಸಿದಾಗ ಲಕ್ಷ್ಮಿ ಹುಟ್ಟಿತು. 1972ರಲ್ಲಿ ಧಾರವಾಡದ ವಿಜ್ಞಾನಿ ಬಿ.ಎಚ್. ಕಟರ್ಕಿ ಲಕ್ಷ್ಮಿಯನ್ನು ಹೊರನಾಡಿನಿಂದ ಬಂದ ಉದ್ದೆಳೆಯ ಬಾರ್ಬಡೆನ್ಸ್ ಹತ್ತಿಯೊಂದಿಗೆ ಸೇರಿಸಿ ‘ವರಲಕ್ಷ್ಮಿ’ ಸಂಕರಣ ತಳಿ ಕೊಟ್ಟರು. ಉದ್ದೆಳೆಯ ಅರಳೆಗೆ ವಿದೇಶದ ಕಡೆ ನೋಡುತ್ತಿದ್ದ ಗಿರಣಿಗಳಿಗೆ ಅದು ದೊಡ್ಡ ಆಸರೆಯಾಯಿತು. ಹೊರಗಿನಿಂದ ಬಂದ ಬೀಜ ಇಲ್ಲಿನ ವಿಜ್ಞಾನಿಗಳ ಕೈಯಲ್ಲಿ ಹದಗೊಳ್ಳಲು ತಲೆಮಾರುಗಳೇ ಹಿಡಿದವು. ಮೂರೋ ಐದೋ ವರ್ಷದ ಯೋಜನೆ ಬರೆಯುವವರು ಈ ಕಾಲಮಾನವನ್ನು ಎದುರಿಗಿಟ್ಟುಕೊಳ್ಳಬೇಕು.

ಒಳ್ಳೆಯ ಬೀಜವೊಂದೇ ಸಾಲದು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ, ಈ ನಾಲ್ಕು ದೇಶಗಳು 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಧ್ವನಿ ಎತ್ತಿದ್ದು ಬೀಜಕ್ಕಾಗಿ ಅಲ್ಲ, ನ್ಯಾಯಕ್ಕಾಗಿ. ಶ್ರೀಮಂತ ದೇಶಗಳು ತಮ್ಮ ಬೆಳೆಗಾರರಿಗೆ ಸುರಿಯುವ ಸಬ್ಸಿಡಿ ಜಗತ್ತಿನ ಹತ್ತಿ ಬೆಲೆಯನ್ನೇ ಕೆಡಿಸುತ್ತದೆ ಎಂಬುದು ಅವರ ದೂರು. ಅದೇ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ಅಮೆರಿಕದ ಮೇಲೆ ವ್ಯಾಜ್ಯ ಹೂಡಿ ಗೆದ್ದಿತು. 2014ರ ರಾಜಿಯಲ್ಲಿ ಬ್ರೆಜಿಲ್ಲಿನ ಹತ್ತಿ ವಲಯಕ್ಕೆ 30 ಕೋಟಿ ಡಾಲರ್ ಸಿಕ್ಕಿತು. ಅಷ್ಟರಲ್ಲಾಗಲೇ ಬ್ರೆಜಿಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಮಾಲಿಯ ಸೊಟುಬಾ ಕೇಂದ್ರದಲ್ಲಿ ಆ ನಾಲ್ಕೂ ದೇಶಗಳ ವಿಜ್ಞಾನಿಗಳ ಜೊತೆ ತಳಿ, ಮಣ್ಣು, ಕೀಟ ನಿರ್ವಹಣೆಯ ಕೆಲಸಕ್ಕೆ ಇಳಿದಿತ್ತು. ಅದೇ ಉಷ್ಣವಲಯದ, ಅದೇ ಪೇಟೆಯಲ್ಲಿ ಪೆಟ್ಟು ತಿಂದ ದೇಶದಿಂದ ಬಂದ ನೆರವಿಗೆ ಬೇರೆಯೇ ತೂಕವಿದೆ.

ಭಾರತವೂ ಈ ನಾಲ್ಕು ದೇಶಗಳ ಜೊತೆಗೆ ಮಲಾವಿ, ನೈಜೀರಿಯಾ, ಉಗಾಂಡಾಗಳಿಗೆ ಹತ್ತಿ ತಾಂತ್ರಿಕ ನೆರವಿನ ಕಾರ್ಯಕ್ರಮ ನಡೆಸಿದೆ. ಅದನ್ನು ಮುಂದುವರಿಸುವವರ ಮುಂದೆ ಈ ಸಮ್ಮೇಳನ ಕೆಲವು ಬೇಡಿಕೆ ಇಡಬೇಕು. ಹೊಸ ತಳಿಯನ್ನು ರೈತರಿಗೆ ಹಂಚುವ ಮೊದಲು ಅದರ ಅರಳೆ ಜಿನ್ನು, ಪ್ರಯೋಗಾಲಯ, ನೂಲಿನ ಗಿರಣಿ ಮೂರನ್ನೂ ದಾಟಿ ಬರಲಿ. ಪಶ್ಚಿಮ ಆಫ್ರಿಕದ ಅರಳೆಯ ಬಹುಪಾಲು ಇಂದಿಗೂ ಅಂಡಿಗೆಯಾಗಿಯೇ ಹಡಗು ಹತ್ತುತ್ತದೆ. ಅದು ಅಲ್ಲಿಯೇ ನೂಲೂ ಬಟ್ಟೆಯೂ ಆಗಬೇಕಾದರೆ, ತರಬೇತಿಗೆ ಬರುವವರಲ್ಲಿ ಅಧಿಕಾರಿಗಳಷ್ಟೇ ಇರದೆ ಜಿನ್ನಿನ ಮೇಸ್ತ್ರಿಗಳೂ ನೂಲುವವರೂ ನೇಕಾರರೂ ಇರಲಿ. ಯಂತ್ರ ಕೊಡುವಾಗ ಅದರ ಬಿಡಿಭಾಗ ಸಿಗುವ ದಾರಿಯೂ ದುರಸ್ತಿ ಬಲ್ಲ ಸ್ಥಳೀಯ ಕೈಗಳೂ ಒಪ್ಪಂದದೊಳಗೇ ಸೇರಲಿ. ಈ ಮೂರನ್ನೂ ಸಮಾರೋಪಕ್ಕೆ ಮೊದಲು ಠರಾವಾಗಿ ಮಂಡಿಸುವಂತೆ ಅಧ್ಯಕ್ಷಪೀಠ ವಿಷಯ ಸಮಿತಿಯನ್ನು ಕೋರುತ್ತದೆ.