ಮೂರು ಬಗೆಯ ಓಟು

(ಸಂಘದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ದೊಡ್ಡ ವಿಷಯಗಳ ಮೇಲೆ ಮಾತನಾಡಲು ವಿದ್ವಾಂಸರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಇಂದು ಎತ್ತಿಕೊಂಡಿರುವುದು ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲಿನ ಮಾತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿ ಬರುವ ತನಕ ಸಿಗುವ ಅರ್ಧ ಗಳಿಗೆಯಲ್ಲಿ, ಕಟಿಂಗ್ ಚಹಾ ಹೀರುತ್ತ ನಮ್ಮವರು ಆಡುವ ಮಾತು. ಅಲ್ಲಿ ಚರ್ಚೆಗೆ ಬರುವುದು ಮೂರೇ ಸಂಗತಿ: ಯಾವ ಪಿಕ್ಚರು ಚೆನ್ನಾಗಿದೆ, ಟೀವಿಯ ‘ಮನೆ’ಯಿಂದ ಈ ವಾರ ಯಾರು ಹೊರಬಿದ್ದರು, ಬರುವ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ. ಓದಿದವರು ಇದನ್ನು ಕಾಡುಹರಟೆ ಎನ್ನುತ್ತಾರೆ. ಅನ್ನಲಿ. ಈ ಮೂರರಲ್ಲೂ ನಾವು ಓಟು ಹಾಕುತ್ತಿದ್ದೇವೆ ಎಂಬುದನ್ನು ಮಾತ್ರ ಅವರು ಗಮನಿಸಿಲ್ಲ. ಆದುದರಿಂದ ಯಾವ ಓಟಿನ ಬೆಲೆ ಎಷ್ಟು ಎಂದು ಲೆಕ್ಕ ಮಾಡಿ ನೋಡೋಣವೆಂದು ನಮ್ಮ ಇಚ್ಛೆ. ಲೆಕ್ಕದ ವಿಷಯದಲ್ಲಿ ಗಲ್ಲೆಯ ಮೇಲೆ ಕುಳಿತವರಿಗಿಂತ ಬಿಲ್ಲು ಬರೆಯುವ ನಮ್ಮ ಹುಡುಗರೇನೂ ಕಡಮೆಯಿಲ್ಲ.

ಮೊದಲನೆಯದು ಸಿನಿಮಾ. ಟಿಕೇಟು ಕೊಂಡವನು ಆ ಚಿತ್ರಕ್ಕೆ ಓಟು ಹಾಕಿದ ಹಾಗೆಯೇ. ಲಾಲ್‌ಬಾಗಿನ ಭಾರತಮಾತಾ ಚಿತ್ರಮಂದಿರ ಒಂದು ಕಾಲದಲ್ಲಿ ಗಿರಣಿಯವರಿಂದಲೇ ತುಂಬುತ್ತಿತ್ತು. ಪಾಳಿ ಮುಗಿಸಿ, ಕೂದಲಿಗೆ ಹತ್ತಿದ ಹತ್ತಿಯ ಎಳೆ ಕೊಡವಿಕೊಂಡು ಬಂದು ಕೂರುತ್ತಿದ್ದರು. 1975ರ ‘ದೀವಾರ್’ ಚಿತ್ರದಲ್ಲಿ ಗೋದಿಯ ಕೂಲಿಯೊಬ್ಬ ಹಫ್ತಾ ಕೊಡಲಾರೆನೆಂದು ಗೂಂಡರಿಗೆ ಎದುರು ನಿಂತಾಗ ಬಡವನಾದವನು ಯಾರು ಸುಮ್ಮನೆ ಕುಳಿತಾನು? 1972ರ ‘ಬಂಗಾರದ ಮನುಷ್ಯ’ ನೋಡಿ, ಈ ಊರಿನ ಸಹವಾಸ ಸಾಕು, ಹಳ್ಳಿಗೆ ಹೋಗಿ ಹೊಲ ಉಳೋಣ ಎಂದು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದ ಕನ್ನಡಿಗರೆಷ್ಟೋ! 2022ರಲ್ಲಿ ‘ಕಾಂತಾರ’ ಬಂದಾಗ, ತುಳುನಾಡಿನ ಭೂತದ ಕೂಗು ಈ ಮಹಾನಗರದ ತೆರೆಯ ಮೇಲೆ ಕೇಳಿ ನಮ್ಮ ಉಡುಪಿ, ಕುಂದಾಪುರದ ಹುಡುಗರ ಮೈಮೇಲೆ ಮುಳ್ಳೆದ್ದಿತು. ಇದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ದುಡಿದ ಮೈಗೆ ನಗು, ಅಳು, ಸಿಳ್ಳೆ ಎಲ್ಲವೂ ಬೇಕು.

ಆದರೆ ಒಂದು ಮಾತುಂಟು. ತೆರೆಯ ಮೇಲಿನ ನಾಯಕ ಮೂರು ತಾಸಿನೊಳಗೆ ಧಣಿಯ ಗರ್ವ ಮುರಿಯುತ್ತಾನೆ. 1982ರ ಜನವರಿ 18ರಂದು ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರಷ್ಟೆ. ಆ ಮುಷ್ಕರವನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ‘ಶುಭಂ’ ಎಂಬ ಅಕ್ಷರ ಬೀಳದೆ ಉಳಿದ ಚಿತ್ರವದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಲಿನ ಫೀನಿಕ್ಸ್ ಮಿಲ್ಲು ಇದ್ದ ನೆಲದಲ್ಲಿ ಈಗ ಮಾಲ್ ನಿಂತಿದೆ; ಅದರೊಳಗೆ ಸಿನಿಮಾ ಮಂದಿರವೂ ಇದೆ. ತಂದೆ ಮಗ್ಗ ನಡೆಸಿದ ಪರಿಸರದಲ್ಲಿ ಮಗ ಟಿಕೇಟು ಕೊಳ್ಳಲು ಹೋದರೆ ಒಂದು ದಿನದ ಕೂಲಿ ಕರಗುವುದುಂಟು. ಸಿನಿಮಾದ ಓಟು ಹೀಗೆ. ದುಡ್ಡಿದ್ದವನು ಹತ್ತು ಸಲ ಹಾಕಬಹುದು, ಇಲ್ಲದವನು ಹೊರಗೆ ನಿಂತು ಪೋಸ್ಟರು ನೋಡಬಹುದು.

ಎರಡನೆಯದು ಟೀವಿಯ ಓಟು. 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಬಂತು, 2004ರಲ್ಲಿ ‘ಇಂಡಿಯನ್ ಐಡಲ್’ ಬಂತು. 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಹುಟ್ಟಿದ ‘ಬಿಗ್ ಬ್ರದರ್’ ಎಂಬ ಆಟ 2006ರಲ್ಲಿ ಹಿಂದಿಗೆ, 2013ರಲ್ಲಿ ಕನ್ನಡಕ್ಕೆ ‘ಬಿಗ್ ಬಾಸ್’ ಆಗಿ ಇಳಿಯಿತು. ಹತ್ತಾರು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಅವರು ಜಗಳವಾಡುವುದನ್ನು ಊರಿಗೆಲ್ಲ ತೋರಿಸುವುದೇ ಅದರ ಸ್ವಾರಸ್ಯ. ಹೋಟೆಲಿನ ಅಟ್ಟದ ಮೇಲೆ ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿ ಎದ್ದವರಿಗೆ ಇದೇನು ಹೊಸದಲ್ಲ! ನಮಗೆ ಯಾರೂ ಬಹುಮಾನ ಕೊಡಲಿಲ್ಲ, ಅಷ್ಟೇ.

ಆದರೂ ನಮ್ಮವರು ನೋಡುತ್ತಾರೆ, ಏಕೆಂದು ಬಲ್ಲೆವು. ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ ಮೊದಲು ಹಾಡಿನ ಸ್ಪರ್ಧೆಯಲ್ಲಿ ಹೆಸರು ಮಾಡಿ, 2025ರ ಜನವರಿಯಲ್ಲಿ ಕನ್ನಡದ ಬಿಗ್ ಬಾಸ್ ಗೆದ್ದಾಗ ಬಡವರ ಮನೆಯ ಮಗ ಗೆದ್ದನೆಂದು ಸಂತೋಷಪಟ್ಟವರು ಕೋಟಿ ಜನ. ಆ ಸಂತೋಷದಲ್ಲಿ ನಾವೂ ಪಾಲುಗಾರರು. ಆದರೆ ಈ ಓಟಿನ ಕ್ರಮವನ್ನು ನೋಡಿರಿ. ಮೊಬೈಲಿನ ಸಂದೇಶದಿಂದ ಓಟು ಹಾಕುತ್ತಿದ್ದ ಕಾಲದಲ್ಲಿ ಸಾಮಾನ್ಯ ದರಕ್ಕಿಂತ ಹೆಚ್ಚು ಹಣ ತೆರಬೇಕಿತ್ತು, ಒಬ್ಬನೇ ಎಷ್ಟು ಬೇಕಾದರೂ ಹಾಕಬಹುದಿತ್ತು. ಎಣಿಸುವವರು ಕಂಪೆನಿಯವರು. ನಮ್ಮ ಕಡೆಯ ಏಜೆಂಟ್ ಎಣಿಕೆಯ ಮೇಜಿನ ಬಳಿ ಕೂರುವಂತಿಲ್ಲ.

ಈ ಓಟಿಗೆ ಎಷ್ಟು ಶಕ್ತಿ ಬರಬಹುದೆಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇವೆ. 2007ರಲ್ಲಿ ಕಲ್ಕತ್ತಾ ಪೊಲೀಸ್ ಪಡೆಯ ಕಾನ್‌ಸ್ಟೇಬಲ್, ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ‘ಇಂಡಿಯನ್ ಐಡಲ್’ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದರು. ಬೆಟ್ಟದ ಮೇಲಿನ ಗೂರ್ಖಾ ಜನ ಹಣ ಕೂಡಿಸಿ, ಸಂಘ ಕಟ್ಟಿ, ಹಗಲಿರುಳು ಓಟು ಕಳಿಸಿ ಅವರನ್ನು ಗೆಲ್ಲಿಸಿದರು. ಆ ಉತ್ಸಾಹವನ್ನು ಹಿಡಿದು ನಡೆಸಿದವರಲ್ಲಿ ಬಿಮಲ್ ಗುರುಂಗ್ ಎಂಬವರು ಒಬ್ಬರು. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ‘ಗೂರ್ಖಾ ಜನಮುಕ್ತಿ ಮೋರ್ಚಾ’ ಕಟ್ಟಿದರು. ಎರಡು ದಶಕ ಬೆಟ್ಟವನ್ನು ಆಳಿದ್ದ ಸುಭಾಷ್ ಘೀಸಿಂಗರು ಮರುವರ್ಷವೇ ಅಧಿಕಾರ ಬಿಡಬೇಕಾಯಿತು. ಹಾಡುಗಾರನಿಗಾಗಿ ಒಂದಾದ ಜನಕ್ಕೆ ತಮ್ಮ ಸಂಖ್ಯೆಯ ಬಲ ತಿಳಿಯಿತು. ಆಟದ ಓಟು ಅವರಿಗೆ ನಿಜವಾದ ಓಟಿನ ಪಾಠ ಹೇಳಿತು. ನಾವು ಆಟವಾಡುತ್ತಲೇ ಇದ್ದೇವೆ. ಪಾಠ ಮಾತ್ರ ಇನ್ನೂ ಬಾಕಿ.

ಇನ್ನು ತೆರೆಯಿಂದ ನೇರವಾಗಿ ಚುನಾವಣೆಗೆ ಬಂದವರ ಮಾತು. ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ 1977ರಲ್ಲಿ ಮುಖ್ಯಮಂತ್ರಿಯಾದರು. ಆಂಧ್ರದಲ್ಲಿ ಎನ್. ಟಿ. ರಾಮರಾವ್ 1982ರ ಮಾರ್ಚಿನಲ್ಲಿ ಪಕ್ಷ ಕಟ್ಟಿ 1983ರ ಜನವರಿಯಲ್ಲಿ ಅಧಿಕಾರ ಹಿಡಿದರು. ಅಮಿತಾಭ್ ಬಚ್ಚನ್ 1984ರಲ್ಲಿ ಅಲಹಾಬಾದಿನಿಂದ ಗೆದ್ದು 1987ರಲ್ಲಿ ರಾಜೀನಾಮೆ ಕೊಟ್ಟರು. ಅದೇ 1984ರಲ್ಲಿ ಮುಂಬಯಿಯಿಂದ ಗೆದ್ದ ಸುನೀಲ್ ದತ್ತರು ಮುಂದೆಯೂ ಪದೇ ಪದೇ ಆರಿಸಿ ಬಂದು ಜನರ ನಡುವೆ ಉಳಿದರು. ನಮ್ಮ ರಾಜಕುಮಾರರೋ, 1982ರ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತು ಇಡೀ ನಾಡನ್ನು ಎಬ್ಬಿಸಿದರೂ ಚುನಾವಣೆಗೆ ಮಾತ್ರ ನಿಲ್ಲಲಿಲ್ಲ. ನಟನಾದವನು ರಾಜಕೀಯಕ್ಕೆ ಬರಬಾರದೆಂದು ನಾವೆನ್ನುವುದಿಲ್ಲ. ಹೋಟೆಲಿಗೆ ಹೊಸ ಅಡಿಗೆಯವನು ಬಂದರೆ ಅವನ ಮುಖ ನೋಡಿ ಒಲೆ ಒಪ್ಪಿಸುತ್ತೇವೆಯೇ? ಸಾಂಬಾರಿನ ರುಚಿ ನೋಡುತ್ತೇವೆ. ಅಭ್ಯರ್ಥಿಗೂ ಅದೇ ಪರೀಕ್ಷೆ ಸಲ್ಲತಕ್ಕದ್ದು.

ಮುಖ ಪರಿಚಯವಿಲ್ಲದವರೂ ಗೆದ್ದದ್ದುಂಟು. 1949ರಲ್ಲಿ ಮಂಗಳೂರಿನಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗನೊಬ್ಬ ಚೌಪಾಟಿಯ ಬೆಂಚಿನ ಮೇಲೆ ಮಲಗಿದ, ಕರಡು ತಿದ್ದುವ ಕೆಲಸ ಮಾಡಿದ, ಹೋಟೆಲು ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಒಟ್ಟುಗೂಡಿಸಿದ. ಅವರೇ ಜಾರ್ಜ್ ಫರ್ನಾಂಡಿಸ್. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ, ನಗರದ ಕಿರೀಟವಿಲ್ಲದ ದೊರೆ ಎನಿಸಿದ್ದ ಎಸ್. ಕೆ. ಪಾಟೀಲರನ್ನು ಅವರು ಸೋಲಿಸಿದರು. ಅವರ ಮುಂದಿನ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಈ ಸಭೆಯಲ್ಲಿದ್ದಾರೆ, ಇರಲಿ. ಮಾಣಿಗಳ, ಚಾಲಕರ, ಕಸಗುಡಿಸುವವರ ಓಟು ಒಂದಾದರೆ ಏನಾದೀತೆಂದು ಆ ವರ್ಷ ಕಂಡಿತು.

ಈಗ ಮೂರನೆಯ ಓಟಿನ ಲೆಕ್ಕ. ಇದಕ್ಕೆ ಟಿಕೇಟಿಲ್ಲ, ದರವಿಲ್ಲ. ಧಣಿಗೂ ಒಂದು, ಲೋಟ ತೊಳೆಯುವವನಿಗೂ ಒಂದು. ಎಣಿಕೆಯ ಕಾಲಕ್ಕೆ ಎಲ್ಲ ಅಭ್ಯರ್ಥಿಗಳ ಏಜೆಂಟರೂ ಎದುರಿಗಿರುತ್ತಾರೆ. ಗುಂಡಿ ಒತ್ತಿದ ಮೇಲೆ ಚೀಟಿ 7 ಸೆಕೆಂಡು ಕಣ್ಣಿಗೆ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಯಾರೂ ಬೇಡವೆಂದರೆ ಅದಕ್ಕೂ 2013ರಿಂದ ‘ನೋಟಾ’ ಗುಂಡಿಯಿದೆ. ಇಷ್ಟು ಅಗ್ಗದ, ಇಷ್ಟು ಸಮನಾದ ವಸ್ತು ಈ ನಗರದಲ್ಲಿ ಬೇರೊಂದಿಲ್ಲ.

ನನ್ನೊಬ್ಬನ ಓಟಿನಿಂದ ಏನಾಗುತ್ತದೆ ಎನ್ನುವವರುಂಟು. 2004ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಎ. ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಒಂದು ಓಟಿನಿಂದ. ಸೋತವರ ಕಾರಿನ ಚಾಲಕನಿಗೇ ಅಂದು ಓಟು ಹಾಕಲು ಬಿಡುವು ಸಿಗಲಿಲ್ಲವೆಂದು ಪತ್ರಿಕೆಗಳು ಬರೆದವು. ಕೆಲಸಗಾರನಿಗೆ ರಜೆ ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಯಾವ ಪಿಕ್ಚರಿನಲ್ಲಿದೆ? 2023ರಲ್ಲಿ ಬೆಂಗಳೂರಿನ ಜಯನಗರದ ಫಲ ನಿರ್ಣಯವಾದದ್ದು 16 ಓಟಿನಿಂದ. ಇಲ್ಲಿಗೇ ಬನ್ನಿರಿ: 2024ರಲ್ಲಿ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ ಗೆಲುವಿನ ಅಂತರ 48. ಅಂಧೇರಿ, ಜೋಗೇಶ್ವರಿ, ಗೋರೆಗಾಂವ್‌ಗಳ ಕ್ಷೇತ್ರವದು. ದೊಡ್ಡ ಹೋಟೆಲೊಂದರ ಎರಡು ಪಾಳಿಯ ಕೆಲಸಗಾರರನ್ನು ಎಣಿಸಿದರೆ 48 ಆಗುತ್ತದೆ.

ಆ 48 ಮಂದಿಯ ಹೆಸರು ಯಾವ ಪಟ್ಟಿಯಲ್ಲಿದೆ? ನಮ್ಮ ನೋವು ಇರುವುದು ಇಲ್ಲಿ. ಊರಿನ ಪಟ್ಟಿಯಲ್ಲಿದ್ದರೆ ಹೋಗಿ ಬರಲು ಎರಡು ರಾತ್ರಿಯ ರೈಲು, ಸಿಗುವ ರಜೆ ಒಂದೇ ದಿನ. ಊರಲ್ಲಿ ಹೆಸರು ತೆಗೆದುಹಾಕಿ ಇಲ್ಲಿ ಸೇರಿಸದವರು ಎರಡೂ ಕಡೆ ಇಲ್ಲ. ವಲಸೆ ಹೋದವರು ಇದ್ದಲ್ಲಿಂದಲೇ ತಮ್ಮೂರಿನ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು. ಹಲವು ಪಕ್ಷಗಳು ಆಕ್ಷೇಪವೆತ್ತಿದವು. ಆ ಯಂತ್ರಕ್ಕಾಗಿ ಕಾದು ಕೂರುವುದು ಜಾಣತನವಲ್ಲ. ಕಾಯಿದೆ ನಮಗೆ ಕೊಟ್ಟಿರುವುದನ್ನು ಮೊದಲು ಕೈಗೆ ತೆಗೆದುಕೊಳ್ಳೋಣ.

ಒಂದು, ವರ್ಷದ ಬಹುಕಾಲ ಎಲ್ಲಿ ವಾಸವೋ ಅಲ್ಲಿ ಹೆಸರು ಸೇರಿಸಲು ಹಕ್ಕಿದೆ. ಅದಕ್ಕೆ ಸ್ವಂತ ಮನೆ ಬೇಕಿಲ್ಲ. ಕಾಲುದಾರಿಯಲ್ಲಿ ಮಲಗುವವನ ಹೆಸರನ್ನು ಕೂಡ ಅಧಿಕಾರಿ ರಾತ್ರಿ ಬಂದು, ಅವನು ಅಲ್ಲಿಯೇ ಮಲಗುವುದನ್ನು ಕಂಡು ಸೇರಿಸುವ ಕ್ರಮವಿದೆ. ಹೀಗಿರುವಾಗ ಅಟ್ಟದ ಮೇಲೆ ಮಲಗುವವನು ಏಕೆ ಅಂಜಬೇಕು? ಹೊಸಬರಿಗೆ 6ನೇ ನಮೂನೆಯ ಅರ್ಜಿ, ಜಾಗ ಬದಲಾಯಿಸಿದವರಿಗೆ 8ನೇ ನಮೂನೆ. ಎರಡು, ಒಬ್ಬನ ಹೆಸರು ಎರಡು ಕಡೆ ಇರಕೂಡದು. ಸುಳ್ಳು ಬರೆದು ಕೊಟ್ಟರೆ ಶಿಕ್ಷೆಯುಂಟು. ಊರೋ ಈ ನಗರವೋ, ಮನೆಯವರೊಡನೆ ಮಾತನಾಡಿ ಒಂದನ್ನು ಆರಿಸಿಕೊಳ್ಳಿರಿ. ಮೂರು, 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 135ಬಿ ಕಲಮಿನಂತೆ ಮತದಾನದ ದಿನ ಓಟಿನ ಹಕ್ಕುಳ್ಳ ಕೆಲಸಗಾರನಿಗೆ ಸಂಬಳಸಹಿತ ರಜೆ ಕೊಡಲೇಬೇಕು. ದಿನಗೂಲಿಯವನಿಗೂ ಇದು ಅನ್ವಯಿಸುತ್ತದೆ. ತಪ್ಪಿದ ಧಣಿಗೆ 500 ರೂಪಾಯಿಯವರೆಗೆ ದಂಡ. ದಂಡ ಚಿಕ್ಕದು, ಹಕ್ಕು ಚಿಕ್ಕದಲ್ಲ. ಧಣಿಗಳ ಬಳಿ ಜಗಳಕ್ಕೆ ಹೋಗಬೇಡಿ. ನಾಲ್ಕು ಮಂದಿ ಒಟ್ಟಾಗಿ ಹೋಗಿ, ನಾಲ್ಕು ದಿನ ಮೊದಲೇ ಹೇಳಿರಿ, ಪಾಳಿ ಹೊಂದಿಸಿಕೊಳ್ಳಲು ಅವರಿಗೂ ಅನುಕೂಲ.

ಕಡೆಯದಾಗಿ, ಓಟಿನ ಹಿಂದಿನ ರಾತ್ರಿ ಲಕೋಟೆ ಹಿಡಿದು ಬರುವವರ ಮಾತು. ಅವರು ಕೊಡುವ ನೋಟನ್ನು ಐದು ವರ್ಷದ ದಿನಗಳಿಂದ ಭಾಗಿಸಿರಿ. ಐನೂರು ರೂಪಾಯಿಯಾದರೆ ದಿನಕ್ಕೆ ಮೂವತ್ತು ಪೈಸೆಯೂ ಬೀಳುವುದಿಲ್ಲ. ಗಿರಾಕಿ ತಟ್ಟೆಯಲ್ಲಿ ಬಿಟ್ಟುಹೋಗುವ ಚಿಲ್ಲರೆ ಅದಕ್ಕಿಂತ ಹೆಚ್ಚು. ಟಿಪ್ಸಿಗಿಂತ ಕಡಮೆ ಬೆಲೆಗೆ ನಗರವನ್ನೇ ಮಾರಬಾರದು.

ಪಿಕ್ಚರು ನೋಡಿರಿ, ಸಿಳ್ಳೆ ಹಾಕಿರಿ. ಟೀವಿಯ ಮನೆಯಲ್ಲಿ ನಿಮಗೆ ಮೆಚ್ಚಿದವರನ್ನು ಉಳಿಸಿರಿ. ಆದರೆ ಈ ವಾರ ಪಟ್ಟಿಯಲ್ಲಿ ನಿಮ್ಮ ಹೆಸರನ್ನೊಮ್ಮೆ ನೋಡಿರಿ, ಪಕ್ಕದಲ್ಲಿ ಮಲಗುವವನ ಹೆಸರನ್ನೂ ನೋಡಿರಿ. ಅಕ್ಷರ ಬಾರದವರಿಗೆ ರಾತ್ರಿ ಶಾಲೆಯ ಹುಡುಗರು ಅರ್ಜಿ ತುಂಬಿಕೊಡಲಿ. ಯಾರಿಗೆ ಓಟು ಹಾಕಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ, ಹೇಳುವುದೂ ಇಲ್ಲ. ಹೆಸರಿಲ್ಲದವನ ಮನೆಬಾಗಿಲಿಗೆ ಯಾವ ಪಕ್ಷದವನೂ ಬರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿರಿ.