ಹೊಗೆ ತಪಾಸಣೆಗೆ ಸಿಗದ ಅನಿಲ

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೊಗೆ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆದೊಡನೆ ಪರಿಸರದ ಬಗೆಗಿನ ಹೊಣೆ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆ ತಪಾಸಣೆಯು ಪೆಟ್ರೋಲ್ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನೂ, ಡೀಸೆಲ್ ವಾಹನದಲ್ಲಿ ಹೊಗೆಯ ಸಾಂದ್ರತೆಯನ್ನೂ ಅಳೆಯುತ್ತದೆ. ಇವು ಆರೋಗ್ಯಕ್ಕೆ ಹಾನಿಕರವಾದವು, ಅಳೆಯಲೇಬೇಕಾದವು. ಆದರೆ ಭೂಮಿಯ ತಾಪವನ್ನು ಹೆಚ್ಚಿಸುವ ಇಂಗಾಲದ ಡೈಆಕ್ಸೈಡ್‌ಗೆ ಆ ಪ್ರಮಾಣಪತ್ರದಲ್ಲಿ ಯಾವ ಮಿತಿಯೂ ಇಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ಮಾನದಂಡವೂ ಈ ಅನಿಲಕ್ಕೆ ಮಿತಿ ವಿಧಿಸಿಲ್ಲ.

ಇದಕ್ಕೆ ಕಾರಣವುಂಟು. ಕಾರ್ಬನ್ ಮಾನಾಕ್ಸೈಡ್ ಅಪೂರ್ಣ ದಹನದ ಫಲ. ಎಂಜಿನ್ ಸರಿಪಡಿಸಿದರೆ ತಗ್ಗುತ್ತದೆ. ಇಂಗಾಲದ ಡೈಆಕ್ಸೈಡ್ ಪೂರ್ಣ ದಹನದ ಫಲ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋಗ್ರಾಂ. ಅದು ಉರಿದಾಗ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಡೀಸೆಲ್‌ಗೆ ಈ ಪ್ರಮಾಣ ಸುಮಾರು 2.6 ಕಿಲೋಗ್ರಾಂ. ಆದುದರಿಂದ ಈ ಅನಿಲದ ನಿಯಂತ್ರಣವೆಂದರೆ ಉರಿಯುವ ಇಂಧನದ ನಿಯಂತ್ರಣವೇ ಆಗಿದೆ.

ಯುರೋಪಿನ ಅನುಭವ ಇಲ್ಲಿ ಗಮನಾರ್ಹ. 1998ರಲ್ಲಿ ಅಲ್ಲಿನ ಕಾರು ತಯಾರಕರ ಸಂಘವು ಹೊಸ ಕಾರುಗಳ ಸರಾಸರಿಯನ್ನು 2008ರೊಳಗೆ ಕಿಲೋಮೀಟರಿಗೆ 140 ಗ್ರಾಂಗೆ ಇಳಿಸುವುದಾಗಿ ಸ್ವಯಂಪ್ರೇರಿತವಾಗಿ ಒಪ್ಪಿತ್ತು. ಗುರಿ ಈಡೇರಲಿಲ್ಲ. 2009ರಲ್ಲಿ ಯುರೋಪಿಯನ್ ಒಕ್ಕೂಟವು ಕಾನೂನನ್ನೇ ರಚಿಸಿ, 2015ಕ್ಕೆ 130 ಗ್ರಾಂ ಮಿತಿಯನ್ನೂ ಮೀರಿದವರಿಗೆ ದಂಡವನ್ನೂ ಗೊತ್ತುಪಡಿಸಿತು. ಬಳಿಕ ಮತ್ತೊಂದು ತೊಡಕು ಕಂಡಿತು: ಪ್ರಯೋಗಾಲಯದ ಅಂಕಿಗೂ ರಸ್ತೆಯ ಮೇಲಿನ ವಾಸ್ತವಕ್ಕೂ ಬಹಳ ಅಂತರವಿತ್ತು. 2017ರಿಂದ ಪರೀಕ್ಷಾ ವಿಧಾನವನ್ನು ಬದಲಿಸಲಾಯಿತು. 2021ರಿಂದ ಹೊಸ ಕಾರುಗಳಲ್ಲಿ ನಿಜವಾಗಿ ವ್ಯಯವಾದ ಇಂಧನವನ್ನು ದಾಖಲಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಯಿತು.

ಭಾರತದಲ್ಲಿ ಇಂಧನ ಸಂರಕ್ಷಣಾ ಕಾಯ್ದೆ, 2001ರ ಅಡಿಯಲ್ಲಿ 2017-18ರಿಂದ ‘ಕೆಫೆ’ ಎಂಬ ಸರಾಸರಿ ಇಂಧನ ದಕ್ಷತಾ ನಿಯಮ ಜಾರಿಗೆ ಬಂದಿತು. ಮೊದಲ ಹಂತದ ಗುರಿ ಕಿಲೋಮೀಟರಿಗೆ 130 ಗ್ರಾಂ. 2022-23ರಿಂದ 113 ಗ್ರಾಂ. ಇದು ಬಿಡಿ ವಾಹನದ ಮಿತಿಯಲ್ಲ. ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಹೊಸ ಕಾರುಗಳ ಸರಾಸರಿ. ಕಾರುಗಳ ಸರಾಸರಿ ತೂಕ ಹೆಚ್ಚಿದಂತೆ ಆ ಕಂಪನಿಯ ಮಿತಿಯೂ ಸಡಿಲವಾಗುತ್ತದೆ. 2022ರ ತಿದ್ದುಪಡಿಯು ಮಿತಿ ಮೀರಿದ ತಯಾರಕರಿಗೆ ಮಾರಿದ ವಾಹನವೊಂದಕ್ಕೆ 25,000 ಅಥವಾ 50,000 ರೂಪಾಯಿ ಲೆಕ್ಕದಲ್ಲಿ ದಂಡ ನಿಗದಿಪಡಿಸಿದೆ.

ಈ ಲೆಕ್ಕ ವಾಹನ ಮಾರಾಟವಾದಲ್ಲಿಗೆ ಮುಗಿಯುತ್ತದೆ. ಮಾರಾಟದ ನಂತರ ಅದು ಎಷ್ಟು ಇಂಧನ ಉರಿಸಿತೆಂದು ಕೇಳುವವರಿಲ್ಲ. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲಾಗಿರುವ ದ್ವಿಚಕ್ರ ವಾಹನಗಳೂ, ಟ್ರ್ಯಾಕ್ಟರ್‌ಗಳೂ ಕೆಫೆ ಸರಾಸರಿಯ ಹೊರಗಿವೆ. ಗ್ರಾಮದ ರಸ್ತೆಯಲ್ಲಿ ಓಡುವ ವಾಹನಗಳ ಪೈಕಿ ಬಹುಪಾಲು ಇವೇ.

ಹೀಗಿರುವಾಗ ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಸಾಧನ ಯಾವುದು? ವಾಹನದ ಲಾಗ್ ಪುಸ್ತಕ. ಯುರೋಪ್ ಉಪಕರಣದ ಮೂಲಕ ದಾಖಲಿಸುತ್ತಿರುವುದನ್ನೇ ಸ್ವಚ್ಛ ವಾಹಿನಿಯ ಲಾಗ್ ಪುಸ್ತಕದಲ್ಲಿ ಬರೆಯಬಹುದು: ಓಡಿದ ದೂರ, ಹಾಕಿಸಿದ ಇಂಧನ. ಆದರೆ ಎಷ್ಟೋ ಕಡೆ ಅದನ್ನು ಲೆಕ್ಕಪರಿಶೋಧನೆಗೆ ಮುನ್ನ ಒಂದೇ ಕೂರಿನಲ್ಲಿ ತುಂಬಿಸುವ ರೂಢಿಯಿದೆ. ಅಂತಹ ಪುಸ್ತಕದಿಂದ ಏನನ್ನೂ ತಿಳಿಯಲಾಗದು.

ಕಸ ಸಾಗಿಸುವ ಟ್ರ್ಯಾಕ್ಟರ್ ದಿನಕ್ಕೆ 5 ಲೀಟರ್ ಡೀಸೆಲ್ ಬಳಸುತ್ತದೆಂದು ಭಾವಿಸಿದರೆ, 300 ದಿನಗಳಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 3,900 ಕಿಲೋಗ್ರಾಂ. ಕಸ ತುಂಬುವಾಗ ಎಂಜಿನ್ ನಿಲ್ಲಿಸಿ, ಒಂದೇ ಬೀದಿಗೆ ಎರಡು ಬಾರಿ ಹೋಗದಂತೆ ಮಾರ್ಗ ಗೊತ್ತುಪಡಿಸಿ ದಿನಕ್ಕೆ ಒಂದು ಲೀಟರ್ ಉಳಿಸಿದರೆ, ವರ್ಷಕ್ಕೆ 780 ಕಿಲೋಗ್ರಾಂ ಅನಿಲವೂ 300 ಲೀಟರಿನ ಹಣವೂ ಉಳಿಯುತ್ತವೆ. ಲೀಟರಿಗೆ ಓಡಿದ ದೂರ ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಿದ್ದರೆ ಚಕ್ರದ ಗಾಳಿ, ಏರ್ ಫಿಲ್ಟರ್, ಬ್ರೇಕ್ ನೋಡಿಸಬೇಕು.

ಹೊಸ ವಾಹನ ಖರೀದಿಯ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬಂದಾಗ ಬೆಲೆಯೊಂದನ್ನೇ ನೋಡದೆ, ಅದರ ಆಯುಷ್ಯದುದ್ದಕ್ಕೂ ತಗಲುವ ಇಂಧನದ ವೆಚ್ಚವನ್ನೂ ಮಂಡಿಸುವುದು ಉಚಿತ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ದಿನವೂ ಗೊತ್ತಾದ ಹಾದಿಯಲ್ಲಿ ಓಡಿ ಸಂಜೆ ಒಂದೇ ಕಡೆ ನಿಲ್ಲುವ ಕಸದ ವಾಹನ ವಿದ್ಯುತ್ ಚಾಲನೆಗೆ ತಕ್ಕುದಾಗಿದೆ.

ಕಾನೂನು ಕಾರ್ಖಾನೆಯ ಬಾಗಿಲಲ್ಲಿ ನಿಂತಿದೆ. ಅಲ್ಲಿಂದಾಚೆಗಿನ ಲೆಕ್ಕವನ್ನು ವಾಹನ ಓಡಿಸುವ ಸಂಸ್ಥೆಯೇ ಇಡಬೇಕು. ಬರುವ ತಿಂಗಳ ಸಭೆಯಲ್ಲಿ ಲಾಗ್ ಪುಸ್ತಕವನ್ನು ತೆರೆದಿಟ್ಟು ಸದಸ್ಯರು ಓದಿದರೆ ಅದೇ ಆರಂಭ.