ದವಾಖಾನೆಯಿಂದ ಮನೆಗೆ ಬಂದ ಮೇಲೆ



ನಮ್ಮ ಕೊಕಟನೂರಿನಲ್ಲಿ ಯಾರಿಗಾದರೂ ನ್ಯುಮೋನಿಯಾ ಜೋರಾದರೆ ಅಥಣಿಗೆ ಒಯ್ಯುತ್ತೇವೆ. ನ್ಯುಮೋನಿಯಾ ಅಂದರೆ ಪುಪ್ಪಸಕ್ಕೆ ಹತ್ತಿದ ಸೋಂಕು. ದವಾಖಾನೆಯಲ್ಲಿ ಸೂಜಿ, ಸಲಾಯಿನ್ ಕೊಡುತ್ತಾರೆ. ಜ್ವರ ಇಳಿಯುತ್ತದೆ. ಮನೆಗೆ ಕಳಿಸುತ್ತಾರೆ. "ಆರಾಮ ಆತು" ಅನ್ನುತ್ತೇವೆ.

ಆದರೆ ಜ್ವರ ಇಳಿದರೂ ಪುಪ್ಪಸ ಪೂರಾ ಮಾಯ್ದಿರುವುದಿಲ್ಲ. ಕೆಮ್ಮು 6 ವಾರ ಇರಬಹುದು. ಸುಸ್ತು 3 ತಿಂಗಳು ಇರಬಹುದು. ಅದು ಮೈಗಳ್ಳತನ ಅಲ್ಲ.

ಅತ್ತೆಗೆ ಬೇನೆ ಬಂದರೆ ಸೊಸೆ ನೋಡುತ್ತಾಳೆ. ಗಂಡನಿಗೆ ಬಂದರೆ ಹೆಂಡತಿ ನೋಡುತ್ತಾಳೆ. ಸೊಸೆಗೇ ಬಂದರೆ? ಮೂರನೇ ದಿನಕ್ಕೇ ನೀರಿನ ಕೊಡ, ಒಲೆ, ಕಬ್ಬಿನ ಹೊಲ! ಹಿಂಗ ಮಾಡಬಾರದು. ಆಕೀದೂ ಜೀವ ಐತಿ. ಕೆಲಸ ನಾವೆಲ್ಲ ಹಂಚಿಕೊಳ್ಳೋಣ. ಗಂಡಸರೂ ಕೊಡ ಹೊರಲಿ.

ನಾವೀಗ ಓದು ಕಲಿತೇವಿ. ದವಾಖಾನೆಯ ಚೀಟಿ ಇಂಗ್ಲಿಷಿನಲ್ಲಿ ಇದ್ದರೆ ನರ್ಸಬಾಯಿಯನ್ನು ಕೇಳೋಣ. ಯಾವ ಗುಳಿಗೆ? ಯಾವ ಹೊತ್ತಿಗೆ? ಎಷ್ಟು ದಿನ? ಮತ್ತೆ ಯಾವಾಗ ಬರಬೇಕು? ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚೋಣ. ಗುಳಿಗೆ ನುಂಗಿದ ಮೇಲೆ ಒಂದು ಗೆರೆ ಎಳೆಯೋಣ. 5 ದಿನದ ಗುಳಿಗೆ ಕೊಟ್ಟಿದ್ದರೆ 5 ದಿನವೂ ನುಂಗಬೇಕು. ಆರಾಮ ಅನಿಸಿತೆಂದು ನಡುವೆ ಬಿಡಬಾರದು. ಬೇರೆಯವರಿಗೆ ಕೊಡಲೂಬಾರದು.

ಬೇನೆಯವರನ್ನು ಹಗಲೆಲ್ಲ ಮಲಗಿಸಬೇಡ್ರಿ. ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿರಿ. ಆಗಾಗ ನಿಧಾನವಾಗಿ ದೊಡ್ಡ ಉಸಿರು ತೆಗೆದುಕೊಳ್ಳಲಿ. ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಲಿ. ನಾಳೆ ಆರು ಹೆಜ್ಜೆ. ಕಾಯಿಸಿ ಆರಿಸಿದ ನೀರು, ಅಂಬಲಿ, ಬೇಳೆಕಟ್ಟು, ಮೆತ್ತಗಿನ ಅನ್ನ ಕೊಡ್ರಿ. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪ ಕೊಡ್ರಿ. ಒಲೆಯ ಹೊಗೆ, ಬೀಡಿಯ ಹೊಗೆ ಹತ್ತಿರ ಬರಬಾರದು. ಕೆಮ್ಮುವಾಗ ಬಾಯಿಗೆ ಅರಿವೆ ಹಿಡಿಯಲಿ.

ಜ್ವರ ಮತ್ತೆ ಬಂದರೆ, ಕೆಮ್ಮು ಇಳಿಯದೆ ಹೆಚ್ಚಾದರೆ ಡಾಕ್ಟರಿಗೆ ತೋರಿಸಿರಿ. ಉಸಿರು ಜೋರಾಗಿದೆ ಅನಿಸಿತೇ? ಅವರು ಸುಮ್ಮನೆ ಕುಳಿತಾಗ, ಗಡಿಯಾರ ನೋಡಿ ಒಂದು ನಿಮಿಷ ಎಣಿಸಿರಿ. ದೊಡ್ಡವರಿಗೆ 30 ಅಥವಾ ಹೆಚ್ಚು ಆದರೆ ಅಪಾಯ. ತುಟಿ ನೀಲಿಯಾದರೆ ಅಪಾಯ. ಎದೆ ನೋವು ಹೆಚ್ಚಾದರೆ ಅಪಾಯ. ಮುದುಕರು ಮಂದಿಯ ಗುರುತು ತಪ್ಪಿದರೂ ಅಪಾಯ. ಆಗ ಬೆಳಗಾಗಲಿ ಎಂದು ಕಾಯಬೇಡ್ರಿ. 108ಕ್ಕೆ ಫೋನ್ ಮಾಡಿರಿ. ಆ ಗಾಡಿಗೆ ರೊಕ್ಕ ಕೊಡಬೇಕಿಲ್ಲ.

ಇಂದು ಮನೆಗೆ ಹೋಗಿ ಒಂದು ಕೆಲಸ ಮಾಡೋಣ. ಬಾಗಿಲ ಹಿಂದೆ ಸುಣ್ಣದಿಂದ ದೊಡ್ಡದಾಗಿ 108 ಎಂದು ಬರೆಯೋಣ. ನಾವು ಕಲಿತ ಅಂಕಿ ಒಂದು ಜೀವ ಉಳಿಸಲಿ.